ನೋಟಿಸಿನ ಮೂರನೇ ಪ್ಯಾರಾ

೧

ಎಲ್ಲಿಂದ ಶುರು ಮಾಡಲಿ ಎಂದು ನಾನು ಕಥಾನಾಯಕರನ್ನೇ ಕೇಳಿದೆ. ಎಲ್ಲ ಲೇಖಕರಿಗೂ ಈ ಭಾಗ್ಯ ಇರುವುದಿಲ್ಲ. ನನ್ನ ಕಥಾನಾಯಕರು ಬದುಕಿದ್ದಾರೆ, ಮಲೇಷ್ಯಾದ ನಿಲಾಯ್‌ನಲ್ಲಿದ್ದಾರೆ, ವಾಟ್ಸಾಪಿನಲ್ಲಿ ನೀಲಿ ಟಿಕ್ ಬಿದ್ದ ಎರಡು ನಿಮಿಷಕ್ಕೆ ಫೋನ್ ಮಾಡುತ್ತಾರೆ.

"ಹುಟ್ಟಿನಿಂದ ಮಾತ್ರ ಬೇಡ ಮಾರಾಯ್ರೆ," ಎಂದರು ಡಾ. ಸುಬ್ರಾಯ ಶೇರಿಗಾರರು. "ಹುಟ್ಟಿನಿಂದ ಶುರು ಮಾಡಿದ್ರೆ ನಾನು ಒಳ್ಳೆಯವ ಆಗಿ ಕಾಣ್ತೇನೆ. ಬಡವರ ಮನೆ, ಚಿಮಿಣಿ ದೀಪ, ಸ್ಕಾಲರ್‌ಶಿಪ್ಪು. ಓದುವವರಿಗೆ ಪಾಪ ಅನಿಸ್ತದೆ. ಆಮೇಲೆ ನಾನು ಮಾಡಿದ್ದಕ್ಕೆಲ್ಲ ಅವರೇ ಒಂದು ಕಾರಣ ಹುಡುಕಿ ಕೊಡ್ತಾರೆ."

"ಹಾಗಾದ್ರೆ ಎಲ್ಲಿಂದ ಸರ್?"

"ಆ ನೋಟಿಸಿನಿಂದ."

ನೋಟಿಸಿನಿಂದ ಶುರು ಮಾಡಲು ನನಗೆ ಇಷ್ಟವಿಲ್ಲ. (ಯಾಕೆಂದು ಆಮೇಲೆ ಹೇಳುತ್ತೇನೆ. ಜಾರಿಕೊಂಡರೆ ನೀವು ಹಿಡಿಯಬಹುದು.) ಆದ್ದರಿಂದ ಅವರ ಮಾತು ಮೀರಿ ಹಿಂದಿನಿಂದಲೇ ಬರುತ್ತೇನೆ. ಚಿಮಿಣಿ ದೀಪ ಮಾತ್ರ ಬಿಟ್ಟಿದ್ದೇನೆ.

೨

ಸುಬ್ರಾಯರು ಉಡುಪಿಯ ಕಾನೂನು ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದಾಗ ಸಂವಿಧಾನದ ಪಾಠದಲ್ಲಿ ಒಂದು ಪದಕ್ಕೆ ಎಡವಿದರು. ಮಾತಿನ ಸ್ವಾತಂತ್ರ್ಯ 'ಎಲ್ಲ ಪ್ರಜೆಗಳಿಗೂ' ಇದೆ ಎಂದು ಬರೆದಿತ್ತು. ಎದ್ದು ನಿಂತು ಕೇಳಿದರಂತೆ: "ಸರ್, ಪ್ರಜೆ ಅಲ್ಲದವನಿಗೆ?" ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದೆ, "ಅದು ಪರೀಕ್ಷೆಗೆ ಬರುವುದಿಲ್ಲ," ಎಂದರಂತೆ.

ಪರೀಕ್ಷೆಗೆ ಬಾರದ ಆ ಪ್ರಶ್ನೆಯ ಮೇಲೆಯೇ ಅವರು ಜೀವನ ಕಟ್ಟಿದರು. ೧೯೯೬ರಲ್ಲಿ ಕ್ವಾಲಾಲಂಪುರಕ್ಕೆ ಉಪನ್ಯಾಸಕರಾಗಿ ಬಂದಾಗ, ಇಲ್ಲಿನ ಸಂವಿಧಾನದ ಹತ್ತನೇ ವಿಧಿಯಲ್ಲೂ ಅದೇ ಪದ ಕಾದು ಕೂತಿತ್ತು. ಎಂಟು ವರ್ಷ ಕೂತು ಒಂದು ಪುಸ್ತಕ ಬರೆದರು. ಅದರ ನಾಲ್ಕನೇ ಅಧ್ಯಾಯದ ಒಂದು ವಾಕ್ಯ ಅವರಿಗೆ ಹೆಸರು ತಂದಿತು: 'ಉಸಿರಾಡಲು ಯಾರೂ ಪಾಸ್‌ಪೋರ್ಟ್ ತೋರಿಸಬೇಕಿಲ್ಲ, ಆ ಉಸಿರಿಗೆ ಮಾತಿನ ಆಕಾರ ಕೊಡಲು ಮಾತ್ರ ಯಾಕೆ ತೋರಿಸಬೇಕು?' ಕೊಲಂಬೊಗೆ ಕರೆದರು, ಜಿನೀವಾಕ್ಕೆ ಕರೆದರು. ತೋಟಗಳಲ್ಲಿ, ಫ್ಯಾಕ್ಟರಿಗಳಲ್ಲಿ ದುಡಿಯುವ ಪರದೇಶದವರ ಪರ ವಾದಿಸುವ ವಕೀಲರು ಆ ಅಧ್ಯಾಯದ ಜೆರಾಕ್ಸ್ ಇಟ್ಟುಕೊಂಡು ಓಡಾಡಿದರು. ೨೦೧೭ರಲ್ಲಿ ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯ ಅವರನ್ನು ಪ್ರೆಸಿಡೆಂಟ್ ಮಾಡಿತು. ಮೊದಲ ದಿನ ಇಪ್ಪತ್ತೆಂಟು ದೇಶಗಳ ವಿದ್ಯಾರ್ಥಿಗಳ ಮುಂದೆ ನಿಂತು, "ಇಲ್ಲಿ ಯಾರೂ ಅತಿಥಿಗಳಲ್ಲ," ಎಂದರು. ಚಪ್ಪಾಳೆ ನಿಲ್ಲಲಿಲ್ಲ.

(ಆ ಭಾಷಣ ಬರೆದದ್ದು ನಾನು. ನನ್ನ ಹೆಸರು ಚಂಪಾ, ಮೈಸೂರಿನವಳು, ಕ್ವಾಲಾಲಂಪುರದ ಪಕ್ಕದ ಪುಚೊಂಗ್‌ನಲ್ಲಿ ಮನೆ. ಭಾನುವಾರ ಕಥೆಗಾರ್ತಿ, ಉಳಿದ ದಿನ ಪ್ರೆಸಿಡೆಂಟರ ಕಚೇರಿಯಲ್ಲಿ ಅವರ ಸಹಿಗೆ ವಾಕ್ಯ ಹೊಂದಿಸುವ ಕೆಲಸ.)

೩

ಈಗ ಮಯೂರಿ. ಇದು ಅವಳ ನಿಜವಾದ ಹೆಸರಲ್ಲ, ಅವಳೇ ಆರಿಸಿಕೊಂಡದ್ದು. ಮೊದಲ ಡ್ರಾಫ್ಟಿನಲ್ಲಿ ಅವಳಿಗೆ ಉದ್ದ ಜಡೆ, ಹೊಳೆಯುವ ಕಣ್ಣು, ನಡುಗುವ ದನಿ ಎಲ್ಲ ಕೊಟ್ಟಿದ್ದೆ. ಬೆಂಗಳೂರಿನಿಂದ ವಾಯ್ಸ್ ಮೆಸೇಜ್ ಬಂತು.

"ಚಂಪಾ ಆಂಟಿ, ನಂಗೆ ಯಾವಾಗ ಜಡೆ ಇತ್ತು? ಆಂಡ್ ಮೈ ವಾಯ್ಸ್ ಡಿಡ್ ನಾಟ್ ಶೇಕ್, ಓಕೆ? ಪ್ಲೀಸ್ ಲಾ."

ಜಡೆ ಕತ್ತರಿಸಿದೆ. ನಡುಕವನ್ನೂ ತೆಗೆದೆ. ಉಳಿದದ್ದು ಇಷ್ಟು: ಅವಳ ಅಮ್ಮ ಸೀತಾಲಕ್ಷ್ಮಿ ಪುಚೊಂಗ್‌ನಲ್ಲಿ ನಮ್ಮದೇ ಕಾಂಡೋದಲ್ಲಿ, ನನಗಿಂತ ಎರಡು ಮಹಡಿ ಮೇಲಿದ್ದಾರೆ. ಮಯೂರಿ ಮೂರು ವರ್ಷದ ಮಗುವಾಗಿ ಈ ದೇಶಕ್ಕೆ ಬಂದವಳು. ಪಾಸ್‌ಪೋರ್ಟ್ ಮಾತ್ರ ಭಾರತದ್ದು. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಕಾನೂನು ಓದುತ್ತೇನೆ ಎಂದಾಗ, "ನಮ್ಮ ಯೂನಿವರ್ಸಿಟಿಗೇ ಹಾಕಿ, ಶೇರಿಗಾರ್ ಸರ್ ವಾರಕ್ಕೊಂದು ಕ್ಲಾಸು ತಾವೇ ತಗೋತಾರೆ," ಎಂದು ಸೀತಾಲಕ್ಷ್ಮಿಗೆ ಹೇಳಿದವಳು ನಾನು.

೨೦೨೧ರ ಜನವರಿಯಲ್ಲಿ ಮತ್ತೆ ಲಾಕ್‌ಡೌನ್ ಬಂತು. ರಾಜ್ಯ ದಾಟುವಂತಿರಲಿಲ್ಲ, ಹೆದ್ದಾರಿಯಲ್ಲಿ ಪೊಲೀಸರು ತಡೆ ಹಾಕಿದ್ದರು. ಪುಚೊಂಗ್‌ನಿಂದ ನಿಲಾಯ್‌ಗೆ ಕಾರಿನಲ್ಲಿ ಮುಕ್ಕಾಲು ಗಂಟೆ, ಆದರೆ ಅದು ಪಕ್ಕದ ರಾಜ್ಯ; ಮಯೂರಿ ಹಾಸ್ಟೆಲಿನ ಡಿ ಬ್ಲಾಕಿನಲ್ಲೇ ಸಿಕ್ಕಿಹಾಕಿಕೊಂಡಳು. ಆ ಬ್ಲಾಕನ್ನು ಗುಡಿಸಿ ಒರೆಸುತ್ತಿದ್ದವರು ಲೆಚ್ಚುಮಿ ಅಕ್ಕ, ಹತ್ತಿರದ ಹಳೇ ರಬ್ಬರ್ ಎಸ್ಟೇಟಿನ ತಮಿಳು ಹೆಂಗಸು. ಒಂದು ಭಾನುವಾರ ಅವರಿಗೆ ಜ್ವರ ಬಂತು. ಕಾಂಟ್ರಾಕ್ಟರು ಟೆಸ್ಟ್ ಮಾಡಿಸಲಿಲ್ಲ; ಯಾರಿಗೂ ಹೇಳಬೇಡ ಎಂದು ಹಿಂದಿನ ಗೇಟಿನಿಂದ ಮನೆಗೆ ಕಳಿಸಿದ. ಅದೇ ವಾರ ಮೂವರು ವಿದ್ಯಾರ್ಥಿಗಳಿಗೆ ಪಾಸಿಟಿವ್ ಬಂತು; ಅವರನ್ನು ಹಾಸ್ಟೆಲಿನವರು ಸದ್ದಿಲ್ಲದೆ ಮೇಲಿನ ಮಹಡಿಯ ಕೋಣೆಗಳಿಗೆ ಸಾಗಿಸಿದರು. ಲೆಚ್ಚುಮಿ ಅಕ್ಕ ಮನೆಯಿಂದ ಮಯೂರಿಗೆ ಫೋನ್ ಮಾಡಿ ತಮಿಳಿನಲ್ಲಿ, "ಮೂಚ್ಚು ವಾಂಗಲೆ ಮ್ಮಾ," ಎಂದರು. ಉಸಿರು ಬರ್ತಿಲ್ಲ.

ಮಯೂರಿ ಹಾಸ್ಟೆಲ್ ಆಫೀಸಿಗೆ ಮೂರು ಮೇಲ್ ಹಾಕಿದಳು. ಉತ್ತರ ಬರಲಿಲ್ಲ. ನಾಲ್ಕನೆಯದನ್ನು ಫೇಸ್‌ಬುಕ್ಕಿಗೆ ಹಾಕಿದಳು: ಡಿ ಬ್ಲಾಕಿನಲ್ಲಿ ಮೂರು ಕೇಸ್ ಇವೆ, ನಮಗೆ ಹೇಳಿಲ್ಲ, ನಮ್ಮ ಕೋಣೆ ಗುಡಿಸುವವರಿಗೆ ಯಾರಾದರೂ ಟೆಸ್ಟ್ ಮಾಡಿಸಿ. ಎರಡು ದಿನದಲ್ಲಿ ಹನ್ನೊಂದು ಸಾವಿರ ಜನ ಹಂಚಿಕೊಂಡರು.

ಮೂರನೇ ದಿನ ವಿಶ್ವವಿದ್ಯಾಲಯ ಹೇಳಿಕೆ ಕೊಟ್ಟಿತು: ಕ್ಯಾಂಪಸ್ಸಿನಲ್ಲಿ ಯಾವ ಪ್ರಕರಣವೂ ದೃಢಪಟ್ಟಿಲ್ಲ.

(ಅದನ್ನೂ ನಾನೇ ಬರೆದೆ. ಮೇಲಿನವರು ಹೇಳಿದರು, ಬರೆದೆ. ನಿಜವೋ ಅಲ್ಲವೋ ಎಂದು ಕೇಳಲಿಲ್ಲ. ಸರ್‌ಗೂ ಆ ದಿನ ಗೊತ್ತಿರಲಿಲ್ಲ. ಗೊತ್ತಾದದ್ದು ಫೆಬ್ರವರಿ ಎರಡಕ್ಕೆ, ರಿಪೋರ್ಟುಗಳು ಮೇಜಿನ ಮೇಲೆ ಬಂದಾಗ.)

೪

ಫೆಬ್ರವರಿ ಮೂರಕ್ಕೆ ಸರ್ ಮಯೂರಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು. ಕೆಲಸದ ಪತ್ರ ತೋರಿಸಿ ಪೊಲೀಸರ ತಡೆ ದಾಟಿ ಬರುತ್ತಿದ್ದ ನಾನು ಎದುರಿಗೆ ಕೂತಿದ್ದೆ.

"ಆ ಪೋಸ್ಟ್ ತೆಗಿ ಮಗಾ. ಒಳಗಿಂದೊಳಗೆ ನಾನು ಸರಿ ಮಾಡ್ತೇನೆ."

"ಸರ್, ಅದ್ರಲ್ಲಿ ವಿಚ್ ಲೈನ್ ಈಸ್ ರಾಂಗ್?"

"ತಪ್ಪು ಅಂತಲ್ಲ. ಸಮಯ ಸರಿಯಿಲ್ಲ."

"ಚಾಪ್ಟರ್ ಫೋರ್‌ನಲ್ಲಿ ಸಮಯದ ಬಗ್ಗೆ ನೀವೇನೂ ಬರ್ದಿಲ್ಲ, ಸರ್."

ಸರ್ ನಕ್ಕರು. ಶಿಷ್ಯೆ ಗೆದ್ದಾಗ ಮೇಷ್ಟ್ರು ನಗುವ ನಗು. ಫೋನ್ ಇಟ್ಟ ಮೇಲೆ ಆ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದಿತ್ತು. ಆಮೇಲೆ ಅದನ್ನು ಎಲ್ಲಿಡಬೇಕೆಂದು ಅವರಿಗೆ ಗೊತ್ತಾಗಲಿಲ್ಲ.

ಮರುದಿನ ಜೂಮ್‌ನಲ್ಲಿ ಮೀಟಿಂಗ್. ಹತ್ತು ಮುಖಗಳು. ಆಡಳಿತ ಮಂಡಳಿಯ ಅಧ್ಯಕ್ಷರು ಮುಂದಿನ ತಿಂಗಳ ಅಡ್ಮಿಷನ್ ಬಗ್ಗೆ ಮಾತಾಡಿದರು. ಹುಡುಗಿಯನ್ನು ಒಂದು ವರ್ಷ ಸಸ್ಪೆಂಡ್ ಮಾಡುವುದೆಂದು ಅದಾಗಲೇ ಎಲ್ಲರೂ ಮನಸ್ಸಿನಲ್ಲಿ ತೀರ್ಮಾನಿಸಿದ್ದರು. ಸರ್ ಒಂದೇ ಪ್ರಶ್ನೆ ಕೇಳಿದರು: "ಆ ಪೋಸ್ಟಿನಲ್ಲಿ ಸುಳ್ಳು ಯಾವುದು?" ಯಾರದೋ ಮೈಕಿನಲ್ಲಿ ಒಂದು ಮಗು ಏಳರ ಮಗ್ಗಿ ಹೇಳುತ್ತಿತ್ತು. ಕೊನೆಗೆ ಕಾನೂನು ಸಲಹೆಗಾರ ಗಂಟಲು ಸರಿಮಾಡಿಕೊಂಡು, "ಡಾಕ್ಟರ್, ಹತ್ತನೇ ವಿಧಿ ಪ್ರಜೆಗಳಿಗೆ ಮಾತ್ರ. ಅವಳು ಪ್ರಜೆ ಅಲ್ಲ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದ.

ಸರ್ ನನ್ನ ಕಡೆ ತಿರುಗಿ, "ಚಂಪಾ, ಒಂದು ಡ್ರಾಫ್ಟ್ ಮಾಡಿ," ಎಂದರು.

ಜಾರಿಕೊಳ್ಳಲು ಇನ್ನು ಜಾಗವಿಲ್ಲ. ನೋಟಿಸಿನ ಮೊದಲ ಪ್ಯಾರಾ ನಿಯಮದ ಸಂಖ್ಯೆ, ಎರಡನೆಯದು ದಿನಾಂಕಗಳು. ಮೂರನೆಯದನ್ನು ನಾನು ಮನಸ್ಸಿಟ್ಟು ಬರೆದೆ. ವಿಶ್ವವಿದ್ಯಾಲಯ ಕೇಳಿದ್ದ ವಿವರಣೆಯಲ್ಲಿ ಮಯೂರಿ ಸರ್ ಪುಸ್ತಕವನ್ನೇ ಉದ್ಧರಿಸಿದ್ದಳು. ಅದಕ್ಕೆ ಉತ್ತರ ಬೇಕಿತ್ತು. ಇಂಗ್ಲಿಷಿನಲ್ಲಿ ಬರೆದದ್ದು, ಕನ್ನಡದಲ್ಲಿ ಹೀಗೆ: 'ಅಭಿವ್ಯಕ್ತಿ ಸ್ವಾತಂತ್ರ್ಯ ಪ್ರಜೆಗಳಿಗೆ ಸಂವಿಧಾನ ಕೊಟ್ಟ ಹಕ್ಕು. ಅತಿಥಿಗಳಿಗೆ ಅದು ಮನೆಯವರ ಔದಾರ್ಯ.'

ಮೂರು ಸಲ ತಿದ್ದಿದೆ. 'ದಯೆ' ಎಂದಿದ್ದುದನ್ನು 'ಔದಾರ್ಯ' ಮಾಡಿದೆ. ಬರೆದು ಮುಗಿಸಿದಾಗ, ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಚೆನ್ನಾಗಿ ಕೂತ ವಾಕ್ಯದ ಖುಷಿ. ನಾನೂ ಅತಿಥಿ, ಈ ದೇಶದಲ್ಲಿರಲು ಕೊಟ್ಟ ನನ್ನ ಪಾಸಿನ ಮೇಲೂ ಮುಕ್ತಾಯದ ದಿನಾಂಕವಿದೆ ಎಂಬುದು ಆ ಕ್ಷಣ ನೆನಪಿಗೆ ಬರಲಿಲ್ಲ.

ಸರ್ ಓದಿದರು. ಮೂರನೇ ಪ್ಯಾರಾದ ಮೇಲೆ ಪೆನ್ನು ನಿಂತಿತು. ಅವರು ಹೊಡೆದು ಹಾಕುತ್ತಾರೆ ಎಂದುಕೊಂಡೆ. ಹೊಡೆದು ಹಾಕಲಿ ಎಂದು ಬಯಸಿದೆನೇ? ಗೊತ್ತಿಲ್ಲ.

"ಭಾಷೆ ಚೆಂದ ಉಂಟು," ಎಂದರು. ಸಹಿ ಹಾಕಿದರು.

ಲೆಚ್ಚುಮಿ ಅಕ್ಕ ಫೆಬ್ರವರಿ ಆರಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಮಗಳು ಪೋಸ್ಟಿನ ಕೆಳಗೆ ಒಂದೇ ಸಾಲು ಬರೆಯಲು ಹುಡುಕಿದಳಂತೆ. ಪೋಸ್ಟ್ ಇರಲಿಲ್ಲ. ನೋಟಿಸ್ ಕೈಗೆ ಬಂದ ದಿನ ಮಯೂರಿಯ ಅಪ್ಪ ಫೋನಿನಲ್ಲಿ ಅತ್ತು ಕರೆದು ಅದನ್ನು ತೆಗೆಸಿದ್ದರು.

೫

ಎರಡನೇ ಡ್ರಾಫ್ಟಿನಲ್ಲಿ ಸರ್‌ಗೆ ಒಂದು ಕಾರಣ ಕೊಟ್ಟಿದ್ದೆ. ಅವರ ಪಾಸ್ ನವೀಕರಣ ಏಪ್ರಿಲಿಗಿತ್ತು, ಇಪ್ಪತ್ತೈದು ವರ್ಷ ಬದುಕಿದ ದೇಶ ಬಿಡಬೇಕಾದೀತೆಂದು ಹೆದರಿದರು ಎಂದು. ಓದಿದವರೇ ಫೋನ್ ಮಾಡಿದರು.

"ಅದನ್ನು ತೆಗೀರಿ. ಪಾಸ್ ಹೋದ್ರೆ ಉಡುಪಿಗೆ ಹೋಗ್ತಿದ್ದೆ. ಹೆದರಿಕೆ ಎಂತ ಇರ್ಲಿಲ್ಲ ನನಗೆ."

"ಹಾಗಾದ್ರೆ ಯಾಕೆ ಸರ್?"



"ಮೀಟಿಂಗ್ ಮುಗೀಬೇಕಿತ್ತು," ಎಂದರು. "ಹತ್ತು ಮುಖ ನನ್ನನ್ನೇ ನೋಡ್ತಾ ಇದ್ವು. ಒಮ್ಮೆ ಮುಗಿದ್ರೆ ಸಾಕು ಅನಿಸ್ತು. ಅಷ್ಟೇ ಮಾರಾಯ್ರೆ. ಮೂವತ್ತೈದು ವರ್ಷ ಆ ಒಂದು ಪದದ ಬಗ್ಗೆ ಯೋಚನೆ ಮಾಡಿದವ, ಒಂದು ಮೀಟಿಂಗ್ ಮುಗಿಸ್ಲಿಕ್ಕೆ ಬಿಟ್ಟುಕೊಟ್ಟೆ. ಬರೀರಿ. ಯಾರೂ ನಂಬ್ಲಿಕ್ಕಿಲ್ಲ."

ಮರುದಿನ ಅವರ ಹೆಂಡತಿ ವಾರಿಜಕ್ಕ ಫೋನ್ ಮಾಡಿದರು. ಇವರು ಕಥೆಯಲ್ಲಿ ಇರಲೇ ಇಲ್ಲ. ತಾವಾಗಿ ಬಂದು ಕೂತರು.

"ಚಂಪಾ, ಅವರನ್ನು ನೀವು ಕಲ್ಲು ಮಾಡಿದ್ದೀರಿ. ಅವರು ಎಷ್ಟು ದಿನ ಊಟ ಬಿಟ್ಟಿದ್ರು ಗೊತ್ತುಂಟಾ? ಸ್ನಾನದ ಕೋಣೆಯಲ್ಲಿ ನೀರು ಬಿಟ್ಟು ಅಳ್ತಿದ್ರು. ನನಗೆ ಕೇಳೂದಿಲ್ಲ ಅಂತ."

"ಅವರು ಅತ್ತದ್ರಿಂದ ಲೆಚ್ಚುಮಿ ಅಕ್ಕನ ಮನೆಯವರಿಗೆ ಏನು ಸಿಕ್ತು, ವಾರಿಜಕ್ಕ?"

"ಎಂತದೂ ಇಲ್ಲ," ಎಂದರು ಅವರು, ಸಿಟ್ಟಿಲ್ಲದೆ. "ನಾನು ಹಣ್ಣು ತಕೊಂಡು ಅವರ ಮನೆಗೆ ಹೋಗಿದ್ದೆ. ಮಗಳು ಬಾಗಿಲಲ್ಲೇ ನಿಲ್ಲಿಸಿ, 'ನೀಂಗ ಯಾರು' ಅಂತ ಕೇಳಿದ್ಳು. ನಾನು ಯಾರು ಅಂತ ಹೇಳ್ಲಿಕ್ಕೆ ಆಗ್ಲಿಲ್ಲ. ಹಣ್ಣು ಮೆಟ್ಟಿಲ ಮೇಲೆ ಇಟ್ಟು ಬಂದೆ. ಕ್ಷಮಿಸಿ ಅಂತ ನಾನು ಹೇಳೂದಿಲ್ಲ. ಆದದ್ದನ್ನು ಪೂರ್ತಿ ಬರೀರಿ ಅಂತ, ಅಷ್ಟೆ."

ಬರೆದಿದ್ದೇನೆ.

೬

ಸಸ್ಪೆಂಡ್ ಆದರೆ ವಿದ್ಯಾರ್ಥಿ ಪಾಸ್ ರದ್ದು. ಮಾರ್ಚಿನಲ್ಲಿ ಮಯೂರಿ ವಿಶೇಷ ವಿಮಾನದಲ್ಲಿ ಬೆಂಗಳೂರಿಗೆ ಹೋದಳು, ಎರಡೇ ಸಲ ನೋಡಿದ್ದ ಸೋದರತ್ತೆಯ ಮನೆಗೆ. ಏಪ್ರಿಲ್ ಕೊನೆಗೆ ಭಾರತದಿಂದ ಬರುವವರಿಗೆ ಮಲೇಷ್ಯಾ ಬಾಗಿಲು ಹಾಕಿತು. ಆ ಬೇಸಿಗೆ ಬೆಂಗಳೂರು ಹೇಗಿತ್ತೆಂದು ನಿಮಗೆ ಗೊತ್ತು. ಮೂರು ವರ್ಷ ಕಾನೂನು ಓದಿದ ಹುಡುಗಿ, ಸೋದರತ್ತೆಯ ಗಂಡನಿಗೆ ಆಕ್ಸಿಜನ್ ಹುಡುಕುತ್ತ ಮಾಸ್ಕಿನ ಒಳಗಿಂದ ತಪ್ಪು ಕನ್ನಡದಲ್ಲಿ ಊರಿಡೀ ಬೇಡಿದಳು. ಆತ ಉಳಿದರು.

ಈಗ ಕೊನೆಗಳು. ಮೊದಲನೆಯದು: ಸರ್ ರಾಜೀನಾಮೆ ಕೊಡುತ್ತಾರೆ, ತುಂಬಿದ ಸಭಾಂಗಣದಲ್ಲಿ ನೋಟಿಸನ್ನು ಹರಿಯುತ್ತಾರೆ. ಸುಳ್ಳು. ೨೦೨೨ರ ಜೂನ್‌ವರೆಗೆ ಅವಧಿ ಪೂರೈಸಿದರು. ವಿದಾಯ ಸಭೆಯಲ್ಲಿ ಅವರನ್ನು 'ಮಾತಿನ ಸ್ವಾತಂತ್ರ್ಯದ ಕಾವಲುಗಾರ' ಎಂದು ಹೊಗಳಿದರು. (ಹೊಗಳಿಕೆ ಬರೆಯಲು ನನಗೇ ಹೇಳಿದ್ದರು. ಆ ದಿನ ರಜೆ ಹಾಕಿದೆ. ನನ್ನ ಶೌರ್ಯ ಅಷ್ಟು.)

ಎರಡನೆಯದು: ಮಯೂರಿ ಬೆಂಗಳೂರಿನಲ್ಲಿ ಓದು ಮುಗಿಸಿ ವಕೀಲೆಯಾಗುತ್ತಾಳೆ, ಹೈಕೋರ್ಟಿನಲ್ಲಿ ಗುರುವಿನ ಪುಸ್ತಕ ಎತ್ತಿ ವಾದಿಸುತ್ತಾಳೆ. ಇದನ್ನು ಮಯೂರಿಗೆ ಕಳಿಸಿದೆ. "ಸೋ ಕ್ರಿಂಜ್, ಆಂಟಿ," ಎಂದು ಬಂತು. ಅವಳು ಈಗ ಒಂದು ಕಂಪನಿಯಲ್ಲಿ ಜಾಲತಾಣಗಳ ಪೋಸ್ಟುಗಳನ್ನು ಪರಿಶೀಲಿಸಿ ತೆಗೆದುಹಾಕುವ ಕೆಲಸದಲ್ಲಿದ್ದಾಳೆ. ಮಲಯ್, ತಮಿಳು ಬರುತ್ತದೆಂದು ತಕ್ಷಣ ತೆಗೆದುಕೊಂಡರಂತೆ. ದಿನಕ್ಕೆ ಏಳುನೂರು ಪೋಸ್ಟು.

ಆದದ್ದು ಇದು. ೨೦೨೧ರ ಕೊನೆಗೆ ಸರ್ ಮಂಡಳಿಯ ಮುಂದೆ ನಾಲ್ಕು ಸಲ ಹೋಗಿ, ಮಯೂರಿಯನ್ನು ವಾಪಸ್ ಸೇರಿಸಿಕೊಳ್ಳಲು ಒಪ್ಪಿಸಿದರು. ಮಂಡಳಿಯ ಷರತ್ತು ಒಂದೇ: ಅವಳು ಒಂದು ಪ್ಯಾರಾ ಕ್ಷಮಾಪಣೆ ಬರೆಯಬೇಕು. ಸರ್ ಸಂತೋಷದಿಂದ ಫೋನ್ ಮಾಡಿದರು.

"ಯಾವುದಕ್ಕೆ ಕ್ಷಮೆ, ಸರ್?" ಎಂದಳು ಅವಳು.

"ಬರೀ ಒಂದು ಪ್ಯಾರಾ ಮಗಾ. ಶಬ್ದ ಅಷ್ಟೆ."

"ಶಬ್ದ ಅಷ್ಟೆ ಅಂತ ನೀವ್ ಹೇಳ್ತಿದ್ದೀರಾ?" ಅಂದು ಮೊದಲ ಬಾರಿ ಅವಳು ಪೂರ್ತಿ ಕನ್ನಡದಲ್ಲಿ ಮಾತಾಡಿದಳಂತೆ. "ನಾನು ಬರೆಯಲ್ಲ ಸರ್. ಬೇಕಾದ್ರೆ ನೀವು ಬರೀರಿ."

ಅವರು ಬರೆದರು. 'ಹುಡುಗಿ ಹೇಳಿದ್ದು ನಿಜ, ತಪ್ಪು ನನ್ನದು' ಎಂದು ಒಂದು ಪುಟ, ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಹಾಕಲೆಂದು. ಪ್ರೆಸಿಡೆಂಟರ ಮಾತು ಸಂಸ್ಥೆಯ ಮಾತು, ಸಂಸ್ಥೆ ಇದನ್ನು ಹೇಳುವುದಿಲ್ಲ ಎಂದು ಮಂಡಳಿ ವಾಪಸ್ ಕಳಿಸಿತು. ನಿವೃತ್ತರಾದ ಮೇಲೆ ಅವರನ್ನು ತಡೆಯುವವರು ಯಾರೂ ಇರಲಿಲ್ಲ. ಆರು ತಿಂಗಳಾಯಿತು. ಆ ಪುಟ ಇನ್ನೂ ಹೊರಗೆ ಬಂದಿಲ್ಲ. ಕೇಳಿದರೆ, "ಅದನ್ನು ಹೊರಗೆ ಹಾಕ್ಲಿಕ್ಕೆ ಕೈ ಬರೂದಿಲ್ಲ ಚಂಪಾ. ನೀವು ಬರೀರಿ. ನಿಮಗೆ ಭಾಷೆ ಉಂಟು," ಎನ್ನುತ್ತಾರೆ.

ಈ ಕಥೆ ಶುರುವಾದದ್ದು ಹಾಗೆ. ಆರನೇ ಭಾಗಕ್ಕೆ ಬಂದ ಮೇಲಷ್ಟೇ ನನಗೆ ಹೊಳೆಯಿತು: ನಾನು ಮತ್ತೆ ಅವರಿಗಾಗಿ ಡ್ರಾಫ್ಟ್ ಮಾಡುತ್ತಿದ್ದೇನೆ. ಓದಿ, ಚೆಂದ ಉಂಟು ಎನ್ನುತ್ತಾರೆ. ನನಗೆ ಮತ್ತೆ ಖುಷಿಯಾಗುತ್ತದೆ.

೭

ಮಯೂರಿಗೆ ಫೋನ್ ಮಾಡಿದೆ. ನೋಟಿಸ್ ಬರೆದವಳು ನಾನು ಎಂದು ಅವಳಿಗೆ ಅಲ್ಲಿಯವರೆಗೂ ಹೇಳಿರಲಿಲ್ಲ. ಕಳಿಸಿದ ಡ್ರಾಫ್ಟುಗಳಲ್ಲಿ ಆ ಭಾಗ ಇರಲಿಲ್ಲ. (ನಿಮಗೂ ತಡವಾಗಿಯೇ ಹೇಳಿದೆ, ಗಮನಿಸಿರಬಹುದು.) ಹೇಳಿದೆ. ಅವಳ ಹಿಂದೆ ಆಟೋ ಹಾರ್ನು, ತರಕಾರಿಯವನ ಕೂಗು.

"ಐ ನ್ಯೂ," ಎಂದಳು. "ಸರ್ ಬರೆಯೋದು ಉದ್ದುದ್ದ ಸೆಂಟೆನ್ಸ್. ಅದು ನಿಮ್ದು ಅಂತ ಅವತ್ತೇ ಗೊತ್ತಾಯ್ತು."

"ಯಾಕೆ ಕೇಳ್ಲಿಲ್ಲ ಮಯೂರಿ?"

"ಕೇಳಿದ್ರೆ ನೀವು ಏನೋ ಚೆನ್ನಾಗಿ ಹೇಳ್ತಿದ್ರಿ. ಆಂಟಿ, ಈಗ ನೀವು ಪರ್ಮಿಷನ್ ಕೇಳ್ತಿದ್ದೀರಾ, ಸಾರಿ ಕೇಳ್ತಿದ್ದೀರಾ?"

ಎರಡೂ ಎನ್ನಲು ಹೊರಟೆ, ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

"ಪರ್ಮಿಷನ್ ಬೇಡ. ನೀವು ಬರೀಬೋದು, ನಾನ್ಯಾಕೆ ತಡೀಲಿ? ಬಟ್ ನಾನು ಫರ್ಗಿವ್ ಮಾಡ್ದೆ ಅಂತ ಮುಗಿಸ್ಬೇಡಿ. ಮಾಡ್ಲಿಲ್ಲ ಅಂತಾನೂ ಮುಗಿಸ್ಬೇಡಿ. ನಂಗೇ ಗೊತ್ತಿಲ್ಲ. ಅಮ್ಮಂಗೆ ಮಾತ್ರ ಪ್ರಿಂಟ್ ಆಗೋಕ್ ಮುಂಚೆ ತೋರ್ಸಿ. ಶೀ ಸ್ಟಿಲ್ ಸೆಂಡ್ಸ್ ಯೂ ರಸಂ ಪೌಡರ್, ಅಲ್ವಾ? ನಂಗೆ ಶಿಫ್ಟಿಗೆ ಟೈಮಾಯ್ತು."

ಸೀತಾಲಕ್ಷ್ಮಿಗೆ ಏನೂ ಗೊತ್ತಿರಲಿಲ್ಲ. ಈ ಎರಡು ವರ್ಷ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, "ಆ ಕಾಗದ ಬರೆದವರ ಕೈ ಬಿದ್ದುಹೋಗ್ಲಿ," ಎಂದು ನನ್ನ ಕೈ ಹಿಡಿದುಕೊಂಡೇ ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ಇವತ್ತು ಶನಿವಾರ. ಇಲ್ಲಿಯವರೆಗಿನ ಪುಟಗಳನ್ನು ಪ್ರಿಂಟ್ ತೆಗೆದುಕೊಂಡು ಹನ್ನೊಂದು ಗಂಟೆಗೆ ಎರಡು ಮಹಡಿ ಮೆಟ್ಟಿಲು ಹತ್ತಿದೆ. ಲಿಫ್ಟ್ ಸರಿಯಾಗೇ ಇತ್ತು.

"ಬನ್ನಿ ಬನ್ನಿ. ಮಯೂರಿ ಫೋನ್ ಮಾಡಿದ್ಲು. ನೀವೇನೋ ಕಥೆ ಬರ್ದಿದ್ದೀರಂತೆ, ನಮ್ಮ ವಿಷಯ," ಎಂದರು ಸೀತಾಲಕ್ಷ್ಮಿ, ಕೈ ಒರೆಸಿಕೊಳ್ಳುತ್ತ. ಓದಲೇ ಎಂದೆ. "ಬೇಡಿ, ಕೊಡಿ. ನೀವು ಓದಿದ್ರೆ ಎಲ್ಲಾನೂ ಚೆನ್ನಾಗೇ ಕೇಳ್ಸುತ್ತೆ. ನಾನೇ ಓದ್ಕೋತೀನಿ." ಕನ್ನಡಕ ಹುಡುಕಿ ತೆಗೆದುಕೊಂಡು, ಪುಟಗಳೊಂದಿಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಹಾಲಿನಲ್ಲಿ ಕೂತು ಫೋನಿನಲ್ಲಿ ಈ ಕೊನೆಯ ಸಾಲುಗಳನ್ನು ಬರೆಯುತ್ತಿದ್ದೇನೆ. ಒಳಗೆ ಪುಟ ತಿರುವುವ ಸದ್ದು ಕೇಳುತ್ತಿತ್ತು. ಒಂದು, ಇನ್ನೊಂದು, ಮತ್ತೊಂದು. ಈಗ ನಿಂತಿದೆ. ಅವರು ಎಷ್ಟನೇ ಪುಟದಲ್ಲಿದ್ದಾರೆಂದು ನನಗೆ ಗೊತ್ತಿಲ್ಲ. ಎದ್ದು ಹೋಗಿಬಿಡಬಹುದು, ಚಪ್ಪಲಿ ಬಾಗಿಲ ಪಕ್ಕದಲ್ಲೇ ಇದೆ. ಕೂತಿದ್ದೇನೆ.